ಮುಷ್ಕರದ ದಿನ ಆಡಿದ ಮ್ಯಾಚು

ನನ್ನ ಎಡ ಮಂಡಿಯ ಲಿಗಮೆಂಟ್ ಹರಿದದ್ದು ಬೆನ್ಸನ್ ಟೌನಿನ ಶಾಲೆಯೊಂದರ ಮೈದಾನದಲ್ಲಿ, ಏಳನೇ ತರಗತಿಯ ಮಕ್ಕಳಿಗೆ ಖೊಖೊದಲ್ಲಿ ಕಂಬ ಸುತ್ತುವುದು ಹೇಗೆಂದು ತೋರಿಸುವಾಗ. ಹದಿನೆಂಟು ವರ್ಷದಿಂದ ನಾನು ಆ ಶಾಲೆಯ ಪಿ.ಟಿ. ಮೇಷ್ಟ್ರು. ದಿನವಿಡೀ ನಿಂತೇ ಕೆಲಸ ಮಾಡಿದವನು. ಆಪರೇಷನ್ ಆದಮೇಲೆ ಡಾಕ್ಟರು, ‘ನಾಲ್ಕು ತಿಂಗಳು ಮನೆ ಬಿಟ್ಟು ಕದಲಬೇಡಿ’ ಎಂದರು. ಹೊರಮಾವಿನ ನಮ್ಮ ಫ್ಲ್ಯಾಟು ಎಷ್ಟು ಚಿಕ್ಕದೆಂದು ನನಗೆ ಗೊತ್ತಾಗಿದ್ದು ಆಗಲೇ.

ಮೊದಲ ಹತ್ತು ದಿನ ವಾಕರ್ ಹಿಡಿದು ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ತಿರುಗಿದೆ. ರೈಲ್ವೆ ಗೇಟಿನ ಕಡೆಯಿಂದ ಸದ್ದು ಕೇಳಿದಾಗಲೆಲ್ಲ ಎದ್ದು ಹೋಗಿ ನೋಡುವುದು, ಏನೂ ಕಾಣದೆ ವಾಪಸ್ಸು ಬಂದು ಕೂರುವುದು. ಶಾಲೆಯ ಬೆಲ್ ಹೊಡೆಯುವ ಹೊತ್ತಿಗೆ ಸರಿಯಾಗಿ ಕಾಲು ತಾನಾಗಿಯೇ ಅದುರುತ್ತಿತ್ತು. ಕೊನೆಗೊಂದು ದಿನ ನನ್ನ ಹೆಂಡತಿ ಆಫೀಸಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಲೇ ಹೇಳಿದಳು:

“ರೀ, ಹೀಗೇ ಓಡಾಡ್ತಿದ್ರೆ ಕಾಲಂತೂ ವಾಸಿಯಾಗಲ್ಲ, ನನ್ ತಲೆ ಮಾತ್ರ ಕೆಡುತ್ತೆ. ನಿಮಗೇಂತ ಒಂದು ಕೋರ್ಸಿಗೆ ಸೇರ್ಸಿದೀನಿ. ಮನೇಲೇ ಕೂತು ಓದ್ಬಹುದು.”

ಕ್ರೀಡೆಯ ಇತಿಹಾಸ ಮತ್ತು ರಾಜಕೀಯ. ಮೂರು ತಿಂಗಳ ಕೋರ್ಸು. ವಾರಕ್ಕೆ ಎರಡು ಪಾಠ ಲ್ಯಾಪ್‌ಟಾಪಿನಲ್ಲಿ, ಉಳಿದ ದಿನ ಓದು, ಕೊನೆಗೆ ಪ್ರಬಂಧ. ನನಗೆ ನಗು ಬಂತು. ‘ಆಟಕ್ಕೂ ರಾಜಕೀಯಕ್ಕೂ ಸಂಬಂಧ ಇಲ್ಲ, ಆಟ ಆಟವಷ್ಟೇ’ ಎಂದು ಪ್ರತಿ ವರ್ಷ ಕ್ರೀಡಾ ದಿನ ಮೈಕಿನಲ್ಲಿ ಹೇಳುತ್ತಿದ್ದವನು ನಾನೇ.

ಆದರೆ ಎರಡನೇ ವಾರಕ್ಕೆ ಓದು ನನ್ನನ್ನು ಹಿಡಿದುಕೊಂಡಿತು. ಆಳುವವರು ತಮ್ಮ ಶಿಸ್ತು ಕಲಿಸಲೆಂದು ತಂದ ಆಟದಲ್ಲಿ ಆಳಿಸಿಕೊಂಡವರು ಬರಿಗಾಲಲ್ಲೇ ಗೆದ್ದದ್ದು, ಸರ್ವಾಧಿಕಾರಿಗಳು ಕ್ರೀಡಾಂಗಣಗಳನ್ನು ಕಟ್ಟಿಸಿದ್ದು, ಕಪ್ಪು ಜನರನ್ನು ಕಾಲಕಸವಾಗಿ ಕಂಡ ದಕ್ಷಿಣ ಆಫ್ರಿಕಾದ ಸರ್ಕಾರದೊಂದಿಗೆ ಆಡುವುದಿಲ್ಲ ಎಂದು ದೇಶಗಳು ಹಿಂದೆ ಸರಿದದ್ದು. ಓದಿದಷ್ಟೂ ಸಿಟ್ಟು ಬರುತ್ತಿತ್ತು, ಆದರೆ ಸಿಟ್ಟು ಬಂದಾಗ ಎದ್ದು ಮೈದಾನ ಸುತ್ತುವ ಹಾಗಿರಲಿಲ್ಲ. ದಿಂಬಿನ ಮೇಲೆ ಕಾಲಿಟ್ಟುಕೊಂಡು, ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಕೂರುತ್ತಿದ್ದೆ.

ಆ ದಿನಗಳಲ್ಲಿ ಮಂಡಿಯ ವ್ಯಾಯಾಮ ಮಾಡಿಸಲು ಬೆಳಿಗ್ಗೆ ಹತ್ತಕ್ಕೆ ನಮ್ಮ ಮನೆಗೆ ಬರುತ್ತಿದ್ದವರು ಕೆಳಗಿನ ಫ್ಲ್ಯಾಟಿನ ಅಮ್ಮ. ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಸರ್ಕಾರಿ ಕಾರ್ಖಾನೆಯೊಂದರಲ್ಲಿ ದುಡಿದು ರಿಟೈರ್ ಆಗಿ, ಈಗ ಮಗಳ ಮನೆಯಲ್ಲಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ನೆಟ್ಟಗಿನ ಬೆನ್ನು. ಹರೆಯದಲ್ಲಿ ಕಾರ್ಖಾನೆಯ ಮಹಿಳಾ ಹಾಕಿ ತಂಡದಲ್ಲಿ ಆಡುತ್ತಿದ್ದರಂತೆ. ಆಟದಿಂದಲೇ ಕೆಲಸ ಸಿಕ್ಕಿತ್ತಂತೆ. ನನ್ನ ಮಂಡಿಯ ಕೆಳಗೆ ಟವೆಲ್ ಸುತ್ತಿಟ್ಟು, “ಒತ್ತಿ. ಇನ್ನೂ ಒತ್ತಿ ಮೇಷ್ಟ್ರೇ. ಮಕ್ಕಳಿಗೆ ಹೀಗೇನಾ ಹೇಳ್ಕೊಡ್ತಿದ್ರಿ?” ಎಂದು ಗದರುತ್ತಿದ್ದರು.

ಒಂದು ದಿನ ವ್ಯಾಯಾಮ ಮುಗಿದು ಅವರು ಕಾಫಿ ಕುಡಿಯುತ್ತಿದ್ದಾಗ ನಾನು ಬರೆದ ಮೊದಲ ಪ್ರಬಂಧವನ್ನು ಉತ್ಸಾಹದಿಂದ ಓದಿ ಹೇಳಿದೆ. ಬಹಿಷ್ಕಾರ ಮುರಿದು ದಕ್ಷಿಣ ಆಫ್ರಿಕಾಕ್ಕೆ ಆಡಲು ಹೋದ ಕ್ರಿಕೆಟಿಗರ ಬಗ್ಗೆ ಅದರಲ್ಲಿ ಒಂದು ಪುಟ ಇತ್ತು. ‘ಇವರು ಆಟಗಾರರಲ್ಲ, ದ್ರೋಹಿಗಳು’ ಎಂದು ಆ ಪುಟ ಮುಗಿಯುತ್ತಿತ್ತು. ಆ ವಾಕ್ಯವನ್ನು ಬೇಕೆಂದೇ ದನಿ ಏರಿಸಿ ಓದಿದೆ.

ಅಮ್ಮ ಲೋಟ ಕೆಳಗಿಟ್ಟರು. “ಯಾಕ್ ಆಡಿದ್ರಿ ಅಂತ ಅವ್ರನ್ನ ಯಾರಾದ್ರೂ ಕೇಳಿದ್ರಾ?”

“ಕೇಳೋದೇನಿದೆ ಅಮ್ಮ? ದುಡ್ಡಿಗೆ ಆಡಿದ್ರು. ಗೊತ್ತಿದ್ದೂ ಗೊತ್ತಿದ್ದೂ ಆಡಿದ್ರು.”

“ಹೌದೌದು,” ಎಂದು ಎದ್ದವರು ಕಾಫಿ ಮುಗಿಸದೆ ಹೊರಟುಹೋದರು.

ಮಾರನೇ ದಿನ ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ನಾನು ಹೇಳಬಾರದ್ದೇನು ಹೇಳಿದೆ ಎಂದು ಹೊಳೆಯದೆ ಒದ್ದಾಡಿದೆ. ಪಾಠ ನಡೆಯುತ್ತಿದ್ದರೂ ಕಿವಿ ಲಿಫ್ಟಿನ ಬಾಗಿಲ ಕಡೆಗೇ ಇರುತ್ತಿತ್ತು. ನಾಲ್ಕನೇ ದಿನ ಅವರು ಬಂದು, ಟವೆಲನ್ನೂ ಕೇಳದೆ, ಕುರ್ಚಿಯ ಅಂಚಿನಲ್ಲಿ ಕೂತರು.

“ನಾನೂ ಆಡಿದೀನಿ ಮೇಷ್ಟ್ರೇ, ಆಡ್ಬಾರದ ದಿನ,” ಎಂದರು.

ಅವರು ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಅವರ ಅಣ್ಣನೂ ಅದೇ ಕಾರ್ಖಾನೆಯ ಟೂಲ್ ರೂಮಿನಲ್ಲಿದ್ದರು. ಕೂಲಿ ವಿಚಾರಕ್ಕೆ ಮುಷ್ಕರ ಶುರುವಾಯಿತು. ವಾರಗಳು ಕಳೆದರೂ ಮುಗಿಯಲಿಲ್ಲ. ಇನ್ನೂ ಖಾಯಂ ಆಗಿರದ ಆಟಗಾರ್ತಿಯರು ಮುಷ್ಕರಕ್ಕೆ ಸೇರಿರಲಿಲ್ಲ, ಅವರಿಗೆ ಸಂಬಳ ಬರುತ್ತಿತ್ತು. ಆಗ ಆಡಳಿತದವರು ಹಾಕಿ ತಂಡದ ಹುಡುಗಿಯರನ್ನು ಕರೆಸಿದರು. ಹೊರಗಿನ ತಂಡವೊಂದು ಬರುತ್ತದೆ, ಕಾರ್ಖಾನೆ ಮೈದಾನದಲ್ಲಿ ಮ್ಯಾಚು, ಪತ್ರಿಕೆಯವರೂ ಬರುತ್ತಾರೆ ಎಂದರು. ಎಲ್ಲ ಮಾಮೂಲಿನಂತೆ ನಡೆಯುತ್ತಿದೆ ಎಂದು ತೋರಿಸಬೇಕಿತ್ತು ಅವರಿಗೆ. “ನೀವು ಆಟಗಾರರು, ಮುಷ್ಕರ ಕೆಲಸಗಾರರದ್ದು” ಎಂದರಂತೆ. ಆಡದವರು ಖಾಯಂ ಆಗುವುದಿಲ್ಲ ಎಂದೂ ಸೇರಿಸಿದರಂತೆ.

“ಇಬ್ರು ಹುಡುಗೀರು ಬರಲ್ಲ ಅಂದ್ಬಿಟ್ರು. ಅವ್ರ ಹೆಸರು ಇವತ್ತಿಗೂ ಜನ ಹೇಳ್ತಾರೆ. ನಾನು ಹೋದೆ. ಮನೇಲಿ ನಮ್ಮಮ್ಮ, ಇಬ್ರು ತಂಗಿಯರು. ಅಣ್ಣಂಗೆ ಸಂಬಳ ಇಲ್ಲ. ಒಲೆ ಉರೀತಿದ್ದಿದ್ದು ನನ್ ಕೆಲಸದಿಂದ.”

“ಅಣ್ಣ ಬೇಡ ಅನ್ನಲಿಲ್ವಾ?”

“ಹಿಂದಿನ ದಿನ ಒಂದು ಮಾತೂ ಆಡ್ಲಿಲ್ಲ. ಬೇಡ ಅಂದಿದ್ರೆ ಹೋಗ್ತಿರ್ಲಿಲ್ಲವೇನೋ. ಹೋಗು ಅಂದಿದ್ರೂ ಸರಿ ಇತ್ತು.”

ಮ್ಯಾಚಿನ ದಿನ ಬೇಲಿಯ ಆಚೆ ಮುಷ್ಕರ ನಿರತರು ಸಾಲಾಗಿ ನಿಂತಿದ್ದರು. ಕೂಗಾಟವಿಲ್ಲ, ಘೋಷಣೆಯಿಲ್ಲ. ನೂರಾರು ಜನ ಸುಮ್ಮನೆ ನಿಂತು ನೋಡುತ್ತಿದ್ದರು. ಸಾಲಿನ ನಡುವೆ ಅಣ್ಣ. ಅಮ್ಮ ಗೋಲು ಹೊಡೆಯುವ ಮುಂಚೂಣಿಯಲ್ಲಿ, ರೈಟ್ ಇನ್ ಜಾಗದಲ್ಲಿ ಆಡುತ್ತಿದ್ದರು. ಕೆಟ್ಟದಾಗಿ ಆಡಿಬಿಡೋಣ ಎಂದುಕೊಂಡೇ ಇಳಿದಿದ್ದರಂತೆ.

“ಆಗ್ಲಿಲ್ಲ ಮೇಷ್ಟ್ರೇ. ಬಾಲು ಕೋಲಿಗೆ ತಾಗಿದ ಮೇಲೆ ಎಲ್ಲ ಮರ್ತೋಯ್ತು. ಗೋಲು ಹೊಡೆದೆ. ಖುಷೀಲಿ ಬೇಲಿ ಕಡೆ ತಿರುಗಿ ಕೈ ಎತ್ತಿದೀನಿ! ನಮ್ಮಣ್ಣ ಬೆನ್ನು ಹಾಕಿ ನಿಂತಿದ್ದ.”

ಒಂದೇ ಸೂರಿನಡಿ ಇದ್ದುಕೊಂಡು ಅಣ್ಣ ಎರಡು ವರ್ಷ ಅವರೊಂದಿಗೆ ಮಾತಾಡಲಿಲ್ಲ. ಮುಷ್ಕರ ಮುಗಿದು ಎಲ್ಲರೂ ಒಳಗೆ ಬಂದಮೇಲೆ ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಆ ವರ್ಷವೇ ಹಾಕಿ ಬಿಟ್ಟರು. ತಾಯಿಗೆ ಕಾಯಿಲೆಯಾಗಿ ಆಸ್ಪತ್ರೆಗೆ ಸೇರಿಸಿದ ದಿನ ಅಣ್ಣ ಮಾತಾಡಿದರು. ಆಮೇಲೆ ಎಲ್ಲ ಸರಿಹೋಯಿತು. ಆ ಮ್ಯಾಚಿನ ಸುದ್ದಿಯನ್ನು ಮಾತ್ರ ಇಬ್ಬರೂ ಎಂದೂ ಎತ್ತಲಿಲ್ಲ.

ಕೋರ್ಸಿನ ಕೊನೆಯ ಪ್ರಬಂಧಕ್ಕೆ ನಮ್ಮ ಊರಿನದೇ ಒಂದು ಆಟದ ದಿನದ ಬಗ್ಗೆ ಬರೆಯಬೇಕಿತ್ತು. ಕೇಳಲೋ ಬೇಡವೋ ಎಂದು ನಾಲ್ಕು ದಿನ ಒಳಗೊಳಗೇ ಕುದಿದು, ಐದನೇ ದಿನ ಕೇಳಿಯೇಬಿಟ್ಟೆ. ಅಮ್ಮ ಯೋಚಿಸಿ, “ಭಾನುವಾರ ಅಣ್ಣ ಊಟಕ್ಕೆ ಬರ್ತಾನೆ, ನೀವೂ ಕೆಳಗೆ ಬನ್ನಿ” ಎಂದರು.

ಭಾನುವಾರ ಕೋಲೂರಿಕೊಂಡು ಹೋದೆ. ಅಣ್ಣ ಹಲಸೂರಿನಿಂದ ಮೆಟ್ರೋ ಹಿಡಿದು, ಇಳಿದು ಆಟೋದಲ್ಲಿ ಬಂದಿದ್ದರು. ದಪ್ಪ ಕನ್ನಡಕದ, ಮಿತ ಮಾತಿನ ಮನುಷ್ಯ. ಅನ್ನಕ್ಕೆ ಸಾರು ಬಡಿಸುತ್ತಲೇ ಅಮ್ಮ ಹೇಳಿಬಿಟ್ಟರು:

“ಅಣ್ಣಾ, ಮೇಷ್ಟ್ರು ಆ ಮ್ಯಾಚಿನ ವಿಷಯ ಬರೀಬೇಕಂತೆ.”

ಅಣ್ಣನ ಕೈ ತಟ್ಟೆಯಲ್ಲೇ ನಿಂತಿತು. ಎದ್ದು ಓಡಿಹೋಗಬೇಕು ಅನ್ನಿಸಿತು ನನಗೆ. ಓಡುವ ಕಾಲು ಇರಲಿಲ್ಲ.

“ಆ ಪೆನಾಲ್ಟಿ ಕಾರ್ನರ್ ಗೋಲಾ?” ಎಂದು ಕೇಳಿದರು ಅಣ್ಣ.

“ಪೆನಾಲ್ಟಿ ಕಾರ್ನರ್ ಅಲ್ಲ. ಓಡ್ತಾ ಹೊಡೆದಿದ್ದು. ತಿರುಗ್ಕೊಂಡು ನಿಂತೋನಿಗೆ ಏನ್ ಗೊತ್ತು?”

“ತಿರುಗದೆ ಇನ್ನೇನ್ ಮಾಡ್ಲಿ? ಪಕ್ಕದಲ್ಲಿದ್ದೋರೆಲ್ಲ ನನ್ ಮುಖಾನೇ ನೋಡ್ತಿದ್ರು. ನೀನು ಗೋಲ್ ಹತ್ರ ಹೋಗ್ತಿದ್ದಂಗೆ ನನ್ ಕೈ ತಾನಾಗೇ ಚಪ್ಪಾಳೆಗೆ ಎದ್ದಿತ್ತು. ಅದಕ್ಕೇ ತಿರುಗ್ಬಿಟ್ಟೆ.”

ಅಮ್ಮ ಸಾರಿನ ಸೌಟು ಹಿಡಿದು ನಿಂತೇ ಇದ್ದರು. ಅವರ ಕಣ್ಣು ತುಂಬಿತ್ತು. ದನಿ ಮಾತ್ರ ಜೋರಾಗಿಯೇ ಬಂತು: “ಇದನ್ನ ಆಗ್ಲೇ ಬಾಯ್ಬಿಟ್ಟು ಹೇಳಕ್ಕೇನಾಗಿತ್ತು ನಿಂಗೆ?”

ಅಣ್ಣ ನನ್ನ ಕಡೆ ತಿರುಗಿದರು. “ಬರೀರಿ ಸಾರ್. ಆದ್ರೆ ಅವಳು ಆಡಿದ್ದು ತಪ್ಪು ಅಂತ ಬರೀರಿ. ನಮ್ಮ ಮುಷ್ಕರಕ್ಕೆ ಪೆಟ್ಟಾಯ್ತು. ಪೇಪರ್‌ನಲ್ಲಿ ಫೋಟೋ ಬಂದ ಮೇಲೆ ಎಷ್ಟೋ ಜನ ಧೈರ್ಯ ಕಳ್ಕೊಂಡ್ರು.”

“ಬರೀಲಿ. ನಾನೇನ್ ಬೇಡ ಅಂದ್ನಾ?” ಎಂದರು ಅಮ್ಮ.

“ಆ ತಿಂಗಳೆಲ್ಲ ಅವಳು ತಂದ ಅನ್ನಾನೇ ನಾನು ಉಂಡೆ ಅಂತಾನೂ ಬರೀರಿ,” ಎಂದು ಅಣ್ಣ ಊಟ ಮುಂದುವರಿಸಿದರು.

ಹೆಸರು, ಕಾರ್ಖಾನೆ ಯಾವುದನ್ನೂ ಹೇಳದೆ ಇಬ್ಬರ ಮಾತನ್ನೂ ಇದ್ದ ಹಾಗೆ ಬರೆದೆ. ಅದಕ್ಕೆ ಮೂರು ವಾರ ಹಿಡಿಯಿತು. ಎರಡು ಸಾಲು ಬರೆದು ಎದ್ದು ಕುಂಟುತ್ತಾ ಕಿಟಕಿಯವರೆಗೆ ಹೋಗಿ ಬರುತ್ತಿದ್ದೆ. ಅಮ್ಮನ ಪರ ಬರೆದ ದಿನ ಬೇಲಿಯಾಚೆಯವರು ನೆನಪಾಗುತ್ತಿದ್ದರು. ಅವರ ಪರ ಬರೆದ ದಿನ ಒಲೆ. ಬಂದ ಅಂಕ ಸಾಧಾರಣದ್ದು. ‘ವಿವರಗಳು ಚೆನ್ನಾಗಿವೆ, ಆದರೆ ಲೇಖಕರು ಸ್ಪಷ್ಟ ತೀರ್ಮಾನಕ್ಕೆ ಬಂದಿಲ್ಲ’ ಎಂದು ಪಾಠ ಮಾಡಿದವರು ಷರಾ ಬರೆದಿದ್ದರು. ಅವರು ಹೇಳಿದ್ದು ನಿಜ.

ಇದನ್ನು ಓದಿದ ಮಧ್ಯಾಹ್ನ ನನ್ನ ಮೊದಲ ಪ್ರಬಂಧ ತೆಗೆದೆ. ಅಂಕ ಬಂದು ಮುಗಿದಿದ್ದ, ಇನ್ನು ಯಾರೂ ಓದದ ಬರಹ ಅದು. ಬಹಿಷ್ಕಾರ ಸರಿ ಎಂಬ ಮಾತನ್ನು ಹಾಗೆಯೇ ಉಳಿಸಿದೆ. ದ್ರೋಹಿಗಳು ಎಂಬ ಪದ ಅಳಿಸಿ, ಅದರ ಜಾಗಕ್ಕೆ ಬೇರೆ ಪದ ಹುಡುಕಿದೆ. ಸಂಜೆ ನನ್ನ ಹೆಂಡತಿ ಬಂದು ಬಾಗಿಲು ತೆಗೆದಾಗಲೂ ಹುಡುಕುತ್ತಲೇ ಇದ್ದೆ.