ಗುಂಡಿ ಮುಚ್ಚಿದವನ ಹೆಸರು

ಬಡಾವಣೆಯ ಸಂಘದವರು ಮನೆಗೆ ಬಂದಾಗ ಅಜ್ಜಿ ಹಿತ್ತಿಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಕೈ ಒರೆಸಿಕೊಳ್ಳಲೂ ಪುರುಸೊತ್ತು ಕೊಡದೆ ಸೊಸೆ ಅವಳನ್ನು ಒಳಗೆ ಕರೆತಂದಳು. ಮನೆಯಲ್ಲಿದ್ದ ಎರಡು ಕುರ್ಚಿಗಳಲ್ಲಿ ಸಂಘದ ಕಾರ್ಯದರ್ಶಿಯೂ ಶಾಲೆಯ ಟೀಚರಮ್ಮನೂ ಕೂತಿದ್ದರು. ಕಾರ್ಯದರ್ಶಿ ಅಂಚೆ ಕಚೇರಿಯಿಂದ ನಿವೃತ್ತನಾದ ಮನುಷ್ಯ. ಎದುರಿಗಿರುವವರು ಕಿಂಡಿಯ ಆಚೆ ನಿಂತಿದ್ದಾರೇನೋ ಎಂಬಂತೆ ತುಸು ಬಗ್ಗಿ, ತುಸು ಜೋರಾಗಿ ಮಾತಾಡುವುದು ಅವನ ರೂಢಿ. ಗಾರೆ ಕೆಲಸದ ಮೇಸ್ತ್ರಿಯಾದ ಅಜ್ಜಿಯ ಮಗ ಅಂದು ಬೇಗ ಬಂದು, ಒಗೆದ ಅಂಗಿ ತೊಟ್ಟು, ಬಾಗಿಲಿಗೆ ಆತುಕೊಂಡು ನಿಂತಿದ್ದ. ಅವನ ಮುಖ ನೋಡಿಯೇ ಅವಳಿಗೆ ಬಂದಿರುವುದು ಒಳ್ಳೆಯ ಸುದ್ದಿಯೆಂದು ತಿಳಿಯಿತು.

ರಸ್ತೆಯ ಕೊನೆಯ ಬಯಲಲ್ಲಿ ಹೊಸ ಉದ್ಯಾನ ಏಳುತ್ತಿತ್ತು. ಬೇಲಿ ಆಗಿತ್ತು, ಗಿಡಗಳ ಪಾತಿ ಆಗಿತ್ತು, ಕಲ್ಲುಬೆಂಚುಗಳು ಬಂದು ಬಿದ್ದಿದ್ದವು. ಹೆಸರಿನ್ನೂ ಬಾಕಿಯಿತ್ತು. ಅದಕ್ಕೆ ಅಜ್ಜಿಯ ಗಂಡನ ಹೆಸರೇ ಸರಿ ಎಂದು ಸಂಘದಲ್ಲಿ ತೀರ್ಮಾನವಾಗಿತ್ತು. ತೀರಿಕೊಂಡು ವರ್ಷಗಳಾದರೂ ಜನರ ಬಾಯಲ್ಲಿ ಅವನಿನ್ನೂ ಗೂಡಿನಜ್ಜನೇ. ಗೂಡು ಹಾಕಿ ಇಟ್ಟಿಗೆ ಸುಡುತ್ತಿದ್ದವನಿಗೆ ತಾನಾಗಿ ಅಂಟಿದ ಹೆಸರು ಅದು. ಈ ಕಡೆ ಮೊದಲು ಬಂದು ನೆಲೆ ನಿಂತವನು ಅವನು, ಅರ್ಧ ಬಡಾವಣೆಯ ಗೋಡೆಗಳು ಅವನವು, ಸಾಲದ್ದಕ್ಕೆ ಆ ಜಾಗದ ದೊಡ್ಡ ಗುಂಡಿಯನ್ನು ವರ್ಷಗಟ್ಟಲೆ ಸ್ವಂತ ಕೈಯಿಂದ ಮುಚ್ಚಿ, ಮಟ್ಟ ಮಾಡಿ, ಒಂದು ಕಾಸೂ ಕೇಳದೆ ನಗರಸಭೆಗೆ ಬಿಟ್ಟುಕೊಟ್ಟವನು. ಕಾರ್ಯದರ್ಶಿ ಇದೆಲ್ಲವನ್ನೂ ಹೇಳಿ, ಮನೆಯವರ ಒಪ್ಪಿಗೆ ಒಂದಿದ್ದರೆ ಫಲಕ ಕೆತ್ತಿಸುವುದಾಗಿ ತಿಳಿಸಿದ.

ಮಗ ಗೋಡೆಯ ಕಡೆ ತಿರುಗಿ ಕಣ್ಣೊತ್ತಿಕೊಂಡ. ಹುಟ್ಟಿದಾಗಿನಿಂದ ಮಣ್ಣಿನವನ ಮಗ ಎನ್ನಿಸಿಕೊಂಡು ಬೆಳೆದವನು. ಯಾರ್ಯಾರದೋ ಮನೆಗೆ ಗೋಡೆ ಎಬ್ಬಿಸಿ, ಬಾಗಿಲ ಮೇಲೆ ಯಾರ್ಯಾರದೋ ಹೆಸರಿನ ಕಲ್ಲು ಕೂರಿಸಿ ಬಂದವನು. ತನ್ನಪ್ಪನ ಹೆಸರು ಕಲ್ಲಿನ ಮೇಲೆ ಬರುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ.

ಅಜ್ಜಿ ಒದ್ದೆ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು.

ಅವಳು ಇಲ್ಲಿಗೆ ಬಂದಾಗ ಇಲ್ಲಿ ಗಾಳಿಯ ಹೊರತು ಮತ್ತೇನೂ ಇರಲಿಲ್ಲ. ಮದುವೆಯಾದ ಹೊಸದು. ತಳ್ಳುಗಾಡಿಯಲ್ಲಿ ಎರಡು ಗುದ್ದಲಿ, ಒಂದು ಮರದ ಅಚ್ಚು, ಒಂದು ಪಾತ್ರೆ. ಗಂಡ ಅಲ್ಲಲ್ಲಿ ಅಗೆದು, ಚಿಟಿಕೆ ಮಣ್ಣನ್ನು ನಾಲಗೆಯ ಮೇಲಿಟ್ಟು, ಉಗುಳಿ, ಮುಂದೆ ಹೋಗುತ್ತಿದ್ದ. ಒಂದು ಕಡೆ ಉಗುಳಲಿಲ್ಲ. "ಇಲ್ಲೇ" ಎಂದ. ಅಷ್ಟಕ್ಕೇ ಅವರ ಊರು ಆರಂಭವಾಯಿತು.

ಅವನು ಅಗೆದ, ಅವಳು ಕಾಲಲ್ಲಿ ತುಳಿದು ಹದ ಮಾಡಿದಳು. ಅಚ್ಚಿಗೆ ಮರಳು ಚಿಮುಕಿಸಿ, ಮುದ್ದೆಯನ್ನೆತ್ತಿ ಹೊಡೆದು, ಅಂಗೈಯಿಂದ ಸವರಿ, ಮಗುಚಿ ಹಾಕಿದಳು. ಬಿಸಿಲಿಗೆ ಒಣಗಿದ ಹಸಿ ಇಟ್ಟಿಗೆಗಳನ್ನು ಅವನು ಗೂಡಾಗಿ ಜೋಡಿಸಿ ಬೆಂಕಿ ಕೊಡುತ್ತಿದ್ದ. ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಟ್ಟಿ, ಲೋಹದಂತೆ ಸದ್ದು ಬಂದರೆ ಅವಳ ಕಡೆ ನೋಡಿ ಹುಬ್ಬು ಕುಣಿಸುತ್ತಿದ್ದ. ಮಾತು ಕಡಿಮೆ, ಆದರೆ ತಮಾಷೆಯ ಮನುಷ್ಯ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ, ನಮ್ಮ ಕಸುಬಲ್ಲಿ ಮಾತ್ರ ಕೈಯೂ ಕೆಸರು, ಬಾಯೂ ಕೆಸರು ಎಂದು ನಗುತ್ತಿದ್ದ.

ಜನ ಬಂದರು. ಅವರ ಇಟ್ಟಿಗೆಯಿಂದ ಒಂದು ಮನೆ ಎದ್ದಿತು, ಹತ್ತು ಎದ್ದವು, ಬೀದಿಗಳಾದವು. ಮನೆಗಳು ಮೇಲೆದ್ದಷ್ಟೂ ಗುಂಡಿ ಕೆಳಗಿಳಿಯಿತು. ಮಣ್ಣು ತೆಗೆಯುವವರಲ್ಲಿ ಒಂದು ಕಟ್ಟುಪಾಡಿದೆ. ಗುಂಡಿಯ ಮೂರು ಬದಿಯನ್ನು ಗೋಡೆಯಂತೆ ನೆಟ್ಟಗೆ ಕಡಿಯಬಹುದು, ನಾಲ್ಕನೆಯ ಬದಿಯಲ್ಲಿ ಗಾಡಿ ಇಳಿದು ಹತ್ತಲು ಇಳಿಜಾರಾದ ದಾರಿ ಬಿಡಬೇಕು. ಆ ದಾರಿಯನ್ನು ಕಟ್ಟಕಡೆಗೆ, ಗುಂಡಿಯನ್ನೇ ಬಿಟ್ಟು ಹೋಗುವಾಗ ಕಡಿಯಬೇಕು. ಅವರ ಹಿರಿಯ ಮಗ ನಡೆಯಲು ಕಲಿತದ್ದೇ ಆ ದಾರಿಯಲ್ಲಿ. ದಿನವೂ ಅಪ್ಪನ ಗಾಡಿಯ ಹಿಂದೆ, ಗಾಡಿಯ ಹಲಗೆ ಹಿಡಿದುಕೊಂಡು, ತಾನೇ ನೂಕುತ್ತಿರುವಂತೆ ಮುಖ ಮಾಡಿಕೊಂಡು ಇಳಿಯುತ್ತಿದ್ದ.

ಊರಿಗೆಲ್ಲ ಮನೆಯಾದರೂ ಅವರಿನ್ನೂ ತಗಡಿನ ಕೆಳಗೇ ಇದ್ದರು. ಆ ವರ್ಷ, ಎರಡನೆಯ ಮಗು ಹುಟ್ಟಿದ ಮೇಲೆ, ಮಳೆಗೆ ಮುಂಚೆ ಗೋಡೆ ಕಟ್ಟಲೇಬೇಕೆಂದು ಹಟ ಹಿಡಿದರು. ಅಡುಗೆಮನೆಯ ಗೋಡೆಗೆ ಇಟ್ಟಿಗೆ ಸಾಲಲಿಲ್ಲ. ಹೊಸದಾಗಿ ಅಗೆಯಲು ಹೊತ್ತಿರಲಿಲ್ಲ. ಇಳಿಜಾರಿನ ಮಣ್ಣು ವರ್ಷಗಟ್ಟಲೆ ಚಕ್ರ, ಕಾಲು ತುಳಿದು ಬೆಣ್ಣೆಯಂತಾಗಿತ್ತು. ಗಂಡ ಅದನ್ನು ನೋಡಿದ, ಅವಳನ್ನು ನೋಡಿದ. ಅವಳೂ ಬೇಡವೆನ್ನಲಿಲ್ಲ. ಕಡಿದವನು ಅವನು, ಅಚ್ಚಿಗೆ ಹಾಕಿದವಳು ಅವಳು. ಮಳೆ ಕಳೆದ ಮೇಲೆ ಬೇರೆ ಕಡೆ ದಾರಿ ಮಾಡಿದರಾಯಿತು ಎಂದುಕೊಂಡರು.

ಮಳೆ ಒಂದೇ ಏಟಿಗೆ ಬಂತು. ಗುಂಡಿ ಅಂಚಿನವರೆಗೆ ತುಂಬಿತು. ಕೆಂಪು ನೀರಿಗೂ ಕೆಂಪು ನೆಲಕ್ಕೂ ಭೇದವೇ ಇರಲಿಲ್ಲ. ಮಳೆ ನಿಂತ ಬೆಳಗ್ಗೆ ಹುಡುಗ ಅಪ್ಪನನ್ನು ಹುಡುಕಿಕೊಂಡು ಹೊರಟ. ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಅಂದಿನಿಂದ ಗಂಡ ಆ ಗುಂಡಿಯಿಂದ ಮಣ್ಣು ತೆಗೆಯಲಿಲ್ಲ. ದೂರದಿಂದ ಮಣ್ಣು ತರಿಸಿ ಕಸುಬು ನಡೆಸಿದ. ದಿನದ ಕೆಲಸ ಮುಗಿದ ಮೇಲೆ ಸಂಜೆ ತಳ್ಳುಗಾಡಿಯಲ್ಲಿ ಒಡೆದ ಇಟ್ಟಿಗೆ, ಗೂಡಿನ ಬೂದಿ, ಕೆಡವಿದ ಮನೆಗಳ ಗಾರೆಚೂರು ತಂದು ಗುಂಡಿಗೆ ಸುರಿಯತೊಡಗಿದ. ವರ್ಷಗಳು ಹೋದವು. ವಿಷಯ ತಿಳಿದಿದ್ದ ಹಳಬರು ಒಬ್ಬೊಬ್ಬರೇ ಊರು ಬಿಟ್ಟರು, ಇಲ್ಲವೇ ಕಣ್ಣುಮುಚ್ಚಿದರು. ಹೊಸಬರಿಗೆ ಅದೊಂದು ಮೋಜು. ಒಂದು ಸಂಜೆ ಅಂಗಡಿಯವನೊಬ್ಬ, ತೋಡಿದ್ದೂ ನೀನೇ, ಮುಚ್ಚೋದೂ ನೀನೇ, ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ ಎಂದು ಎಲ್ಲರೆದುರು ಗಾದೆ ಹೇಳಿದ. ಜನ ನಕ್ಕರು. ಊಟ ತೆಗೆದುಕೊಂಡು ಹೋಗಿದ್ದ ಅವಳು ಅಲ್ಲೇ ಇದ್ದಳು. ಗಂಡ ಗಾಡಿಯ ಹಿಡಿಯನ್ನು ಕೆಳಗಿಟ್ಟ. ಮತ್ತೆ ಎತ್ತಿಕೊಂಡು ಮುಂದೆ ಹೋದ.

ಅವರಿಬ್ಬರೂ ಹಿರಿಯ ಮಗನ ಬಗ್ಗೆ ಒಂದು ಮಾತೂ ಆಡಲಿಲ್ಲ. ಕಿರಿಯವನು ದೊಡ್ಡವನಾಗಿ ಅಣ್ಣನಿಗೆ ಏನಾಗಿತ್ತು ಎಂದು ಕೇಳಿದಾಗ ಗಂಡ "ಜ್ವರ" ಎಂದ. ಅವಳು ಪಾತ್ರೆ ಉಜ್ಜುತ್ತಿದ್ದಳು, ಉಜ್ಜುತ್ತಲೇ ಇದ್ದಳು. ಜಾಗಕ್ಕೆ ಬೆಲೆ ಬಂದು ದಲ್ಲಾಳಿಗಳು ಮನೆಗೆ ಎಡತಾಕಿದಾಗ, ಅದರ ಮೇಲೆ ಯಾರೂ ಮನೆ ಕಟ್ಟುವುದು ಬೇಡ ಎಂದಷ್ಟೇ ಹೇಳಿ ಗಂಡ ಅದನ್ನು ನಗರಸಭೆಗೆ ಬರೆದುಕೊಟ್ಟ. ಊರು ಅದನ್ನು ಔದಾರ್ಯ ಎಂದು ಕರೆಯಿತು. ಅವನು ಹೌದೆನ್ನಲಿಲ್ಲ, ಅಲ್ಲವೆನ್ನಲೂ ಇಲ್ಲ.

ಈಗ ಕಾರ್ಯದರ್ಶಿ ಉದ್ಯಾನದ ನಕ್ಷೆಯನ್ನು ಅವಳ ಮುಂದೆ ಬಿಡಿಸಿದ. ಇಲ್ಲಿ ಬೆಂಚು, ಇಲ್ಲಿ ಜಾರುಬಂಡೆ ಎನ್ನುತ್ತ ನಡುವೆ ಬೆರಳಿಟ್ಟು, ಇಲ್ಲೊಂದು ಕೊಳ ಎಂದ. ತಾವರೆ ಬಿಡುತ್ತೇವೆ, ನಡುವೆ ಕಾರಂಜಿ ಬರುತ್ತದೆ, ಬರುವ ವಾರ ಅಗೆತ.

ಟೀಚರಮ್ಮನ ಮುಖ ಅರಳಿತು. "ಮಕ್ಕಳಿಗೆ ನೀರು ಅಂದ್ರೆ ಪ್ರಾಣ ಅಲ್ವಾ ಅಜ್ಜಿ" ಎಂದಳು.

ಎಷ್ಟು ಆಳ ಎಂದು ಅಜ್ಜಿ ಕೇಳಿದಳು. ಮೊಣಕಾಲುದ್ದ ಎಂಬ ಉತ್ತರ ಬಂತು.

"ಹೆಸರು ಬೇಕಾದ್ರೆ ಇಡಿ" ಎಂದಳು ಅಜ್ಜಿ. "ಕೊಳ ಬೇಡ."

ಮುದುಕರ ಮಾತೆಂದು ಅವರು ಮೆಲ್ಲಗೆ ನಕ್ಕರು. ಏಕೆಂದು ಕೇಳಿದ್ದಕ್ಕೆ ಅವಳು ಸೊಳ್ಳೆಯ ನೆಪ ಹೇಳಿದಳು. ಅದಕ್ಕೆ ಮದ್ದಿತ್ತು. ತುಂಬಿದ ಮಣ್ಣಲ್ಲಿ ನೀರು ನಿಲ್ಲುವುದಿಲ್ಲ ಎಂದಳು. ತಳಕ್ಕೆ ಸಿಮೆಂಟು ಹಾಕುತ್ತೇವೆ ಎಂದರು. ಮಗನಿಗೆ ನಾಚಿಕೆಯಾಗಿ, ದೊಡ್ಡವರು ಯೋಚನೆ ಮಾಡಿಯೇ ಮಾಡಿರುತ್ತಾರೆ, ನೀನು ಸುಮ್ಮನಿರಮ್ಮ ಎಂದ. ಅವರು ಹೋದ ಮೇಲೆ ಅವನೂ ಸೊಸೆಯೂ ದಿನಾ ಅವಳಿಗೆ ಬುದ್ಧಿ ಹೇಳಿದರು. ಮನೆಗೆ ಬಂದ ಮರ್ಯಾದೆಯನ್ನು ಕಾಲಿಂದ ಒದೆಯಬಾರದು ಎಂದಳು ಸೊಸೆ. ಅಜ್ಜಿ ಉಣ್ಣುವುದನ್ನು ಕಡಿಮೆ ಮಾಡಿದಳು. ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಆದರೆ ಗಂಡ ಸಾಯುವವರೆಗೆ ಬಾಯಿಬಿಡದೆ ಕಾದದ್ದನ್ನು ಅವನಿಲ್ಲದಾಗ ಬೀದಿಗೆ ಹಾಕುವುದು ಹೇಗೆ? ಹಾಕದಿದ್ದರೆ ಅವನು ಬೂದಿ, ಗಾರೆ ಸುರಿದು ಮುಚ್ಚಿದ್ದನ್ನು ಅವನದೇ ಹೆಸರಿನಲ್ಲಿ ತೆರೆಯುತ್ತಾರೆ. ಮತ್ತೆ ನೀರು ತುಂಬುತ್ತಾರೆ.

ಅಗೆತದ ದಿನ ಬೆಳಗ್ಗೆ ಮಗನ ಹಿಂದೆಯೇ ಅವಳೂ ಹೊರಟಳು. ಉದ್ಯಾನದ ನಡುವೆ ಸುಣ್ಣದಪುಡಿಯಲ್ಲಿ ದೊಡ್ಡ ಸುತ್ತು ಎಳೆದಿದ್ದರು. ಆಳುಗಳು ಗುದ್ದಲಿ ಹಿಡಿದು ಕಾಯುತ್ತಿದ್ದರು. ಸಂಘದವರೆಲ್ಲ ಸೇರಿದ್ದರು. ಅಜ್ಜಿ ಸುಣ್ಣದ ಗೆರೆ ದಾಟಿ ಒಳಗೆ ಹೋಗಿ ನಿಂತಳು. ಪಕ್ಕಕ್ಕೆ ಬರುವಂತೆ ಮಗ ಕೈ ಹಿಡಿದು ಎಳೆದ. ಅವಳು ಅವನೊಬ್ಬನಿಗೇ ಹೇಳುವಂತೆ ಹೇಳಿದಳು, ಆದರೆ ಎಲ್ಲರಿಗೂ ಕೇಳಿಸಿತು.

"ನಿನ್ನ ಅಣ್ಣ ಹೋಗಿದ್ದು ಜ್ವರ ಬಂದಲ್ಲ. ಇಲ್ಲೇ, ಈ ಗುಂಡಿ ನೀರಲ್ಲಿ."

ಮಗನ ಕೈ ಸಡಿಲವಾಯಿತು.

"ನಿಮ್ಮಪ್ಪ ಇದನ್ನ ಊರಿಗೋಸ್ಕರ ಮುಚ್ಚಲಿಲ್ಲ. ಇನ್ನೊಂದು ಸಲ ಕಣ್ಣಿಗೆ ಬೀಳಬಾರದು ಅಂತ ಮುಚ್ಚಿದ್ರು. ದಾರಿ ಕಡಿದಿದ್ದು ನಾವೇ."

ಆಮೇಲೆ ದಾರಿಯ ಕತೆಯನ್ನೂ ಅಡುಗೆಮನೆಯ ಗೋಡೆಯ ಕತೆಯನ್ನೂ ಅವಳು ಹೇಳಿದಳು. ಬಿಸಿಲೇರುತ್ತಿತ್ತು. ಟೀಚರಮ್ಮ ಬಾಯಿಗೆ ಕೈ ಅಡ್ಡ ಹಿಡಿದು ಅತ್ತಳು. ಕಾರ್ಯದರ್ಶಿ ಕನ್ನಡಕ ತೆಗೆದು ಒರೆಸಿದ, ಮತ್ತೆ ಒರೆಸಿದ. ಯಾರೂ ಹೇಳದಿದ್ದರೂ ಆಳುಗಳು ಗುದ್ದಲಿಗಳನ್ನು ಗಾಡಿಗೆ ಹಾಕಿಕೊಂಡರು. ಅಂದೇ ಸುಣ್ಣದ ಗೆರೆಯ ಮೇಲೆ ಯಾರೋ ನೀರು ಸುರಿದು ಅಳಿಸಿದರು.

ಕೊಳ ನಿಂತಿತು. ಆದರೆ ಮಾತು ನಿಲ್ಲಲಿಲ್ಲ. ನಲ್ಲಿಯ ಹತ್ತಿರ, ಶಾಲೆಯ ಗೇಟಿನ ಹತ್ತಿರ, ಅಂಗಡಿಯಲ್ಲಿ ಜನ ಮಾತಾಡಿಕೊಂಡರು. ಮೊದಮೊದಲು ಅಯ್ಯೋ ಪಾಪ ಎಂದರು. ಆಮೇಲೆ, ಮಕ್ಕಳು ಆಡುವ ಜಾಗಕ್ಕೆ ಮಗುವನ್ನು ನುಂಗಿದ ಗುಂಡಿ ತೋಡಿದವನ ಹೆಸರೇ ಎಂದರು. ಒಬ್ಬ ತಾಯಿ ತನ್ನ ಮಗಳನ್ನು ಅಲ್ಲಿಗೆ ಕಳಿಸುವುದಿಲ್ಲ ಎಂದಳು. ನಾಲ್ಕು ತಾಯಂದಿರು ಹೌದೆಂದರು. ಒಂದು ಮಧ್ಯಾಹ್ನ ಕಾರ್ಯದರ್ಶಿ ಒಬ್ಬನೇ ಬಂದ. ಈ ಸಲ ಕುರ್ಚಿ ಹಾಕಿದರೂ ಕೂರಲಿಲ್ಲ, ಹೊಸ್ತಿಲ ಹೊರಗೇ ನಿಂತ. ಧ್ವನಿಯೂ ತಗ್ಗಿತ್ತು.

"ನಂಗೇನೂ ಇಲ್ಲ ಅಜ್ಜಿ. ಜನ ಒಪ್ತಾ ಇಲ್ಲ. ಅವತ್ತು ನೀವು ಹೇಳದೇ ಇದ್ದಿದ್ರೆ..."

"ಹೇಳದೇ ಇದ್ದಿದ್ರೆ ನೀವು ಅಗೀತಿದ್ರಿ" ಎಂದಳು ಅಜ್ಜಿ.

ಕಾರ್ಯದರ್ಶಿ ಚಪ್ಪಲಿ ಮೆಟ್ಟಿಕೊಳ್ಳುವ ನೆಪದಲ್ಲಿ ತಲೆ ತಗ್ಗಿಸಿದ. ಯಾರಿಗೂ ತಕರಾರಿಲ್ಲದ ಹೆಸರೊಂದನ್ನು ಹುಡುಕಿದ್ದರು: ಹಸಿರು ಉದ್ಯಾನ.

ಮಗ ಕೂಗಾಡಲಿಲ್ಲ. ಕೂಗಾಡಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಕೆಲಸದಿಂದ ಬಂದು, ತಟ್ಟೆಯನ್ನು ನಡುಮನೆಗೆ ಒಯ್ದು ಒಬ್ಬನೇ ಉಣ್ಣತೊಡಗಿದ. ಅಡುಗೆಮನೆಗೆ ಕಾಲಿಡುವುದನ್ನೇ ಬಿಟ್ಟ. ಒಂದು ಸಲ ಮಾತ್ರ, ಕೈ ತೊಳೆಯುತ್ತ, ಬೆನ್ನು ತಿರುಗಿಸಿಯೇ ಹೇಳಿದ. "ಇಷ್ಟು ವರ್ಷ ನೀನು ಸುಮ್ಮನಿದ್ದೆ. ಮೊದಲೇ ಹೇಳಿದ್ರೆ ನಾನೂ ಅಪ್ಪನ ಜೊತೆ ಗಾಡಿ ನೂಕ್ತಿದ್ದೆ."

ಅಜ್ಜಿ ಆ ಮಾತನ್ನು ಹೊದ್ದುಕೊಂಡು ಮಲಗಿದಳು, ಹೊದ್ದುಕೊಂಡೇ ಎದ್ದಳು. ಗಂಡ ಒಬ್ಬನೇ ಗಾಡಿ ನೂಕುತ್ತಿದ್ದಾಗ, ಹುಡುಗನಾಗಿದ್ದ ಈ ಮಗ ಅದೇ ಬೀದಿಯಲ್ಲಿ ಗೆಳೆಯರೊಡನೆ ನಿಂತು, ಅಪ್ಪನೆಂದು ಗೊತ್ತಾಗದಂತೆ ಮುಖ ತಿರುಗಿಸುತ್ತಿದ್ದುದನ್ನು ಅವಳು ಕಂಡಿದ್ದಳು. ಅದಕ್ಕೂ ತಮ್ಮ ಮೌನವೇ ಕಾರಣವೆಂದು ಈಗ ಹೊಳೆಯಿತು.

ಉದ್ಯಾನ ತೆರೆದ ದಿನ ಸೊಸೆ ಹೋದಳು, ಅಜ್ಜಿಯೂ ಮಗನೂ ಹೋಗಲಿಲ್ಲ. ಧ್ವನಿವರ್ಧಕದ ಭಾಷಣ ಕಿಟಕಿಯಿಂದ ಒಳಗೆ ಬರುತ್ತಿತ್ತು. ಯಾರ ಯಾರ ಹೆಸರೋ ಹೇಳಿ ವಂದನೆ ಸಲ್ಲಿಸುತ್ತಿದ್ದರು. ಅಜ್ಜಿ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಮಗ ಬಂದು ಬಾಗಿಲಲ್ಲಿ ನಿಂತ. ಬಹಳ ಹೊತ್ತು ಗೋಡೆ ನೋಡಿದ. ಕಟ್ಟಡದವನು ಗೋಡೆ ನೋಡುವ ಬಗೆಯೇ ಬೇರೆ, ಅವನ ಕಣ್ಣು ಒಂದೊಂದೇ ಸಾಲಾಗಿ ಕೆಳಗಿಳಿಯಿತು. ಆಮೇಲೆ ಒಳಗೆ ಬಂದು ಅವಳ ಎದುರು ಕುಕ್ಕರಿಸಿದ.

"ಹೇಗಿದ್ದ ಅವನು? ನನ್ನ ಹಾಗೇ ಇದ್ನಾ?"

ಅಜ್ಜಿ ಬಾಯಿ ತೆರೆದಳು. ಸೊಂಟದ ಮೇಲೆ ಅವನ ಭಾರ ನೆನಪಿತ್ತು. ಕೆಸರು ಮೆತ್ತಿದ ಕಿರುಬೆರಳುಗಳು ಕುತ್ತಿಗೆ ತಬ್ಬಿದಾಗಿನ ತಣ್ಣನೆಯ ಹಸಿ ನೆನಪಿತ್ತು. ಮುಖಕ್ಕಾಗಿ ಹುಡುಕಿದಳು. ಎದುರಿಗಿದ್ದ ಈ ನೆರೆತ ಗಡ್ಡದ ಮುಖ ಅಡ್ಡ ಬಂತು, ಗಂಡನ ಮುಖ ಅಡ್ಡ ಬಂತು. ಅದರಾಚೆ ಏನೂ ಇರಲಿಲ್ಲ. ಹೆಸರನ್ನೇ ಎತ್ತದೆ ಕಳೆದ ಇಷ್ಟು ವರ್ಷಗಳಲ್ಲಿ ಅದು ಯಾವಾಗ ಕರಗಿಹೋಯಿತೋ ಅವಳಿಗೆ ತಿಳಿದಿರಲೇ ಇಲ್ಲ.

"ತಡಿಯಪ್ಪ" ಎಂದಳು. "ನೆನಪು ಮಾಡ್ಕೋತೀನಿ."

ಹೊರಗೆ ಚಪ್ಪಾಳೆ ಕೇಳಿಸಿತು. ಮಗ ಕಾದ.