ತಟ್ಟೆಯ ಅಂಚಿನ ಹಸಿರು ಚುಕ್ಕೆ

ಮಧುಗಿರಿಯಲ್ಲಿರುವ ಅಕ್ಕನಿಗೆ ಕೈನಡುಕದ ಕಾಯಿಲೆ. ನಾನು ಕೆಲಸ ಮಾಡುವ ಪ್ರಯೋಗಾಲಯದಲ್ಲಿ ಯಾವ ಕೋಶವಾಗಿಯೂ ಬೆಳೆಯಬಲ್ಲ ಕಾಂಡಕೋಶಗಳಿಂದ ಮಿದುಳಿನ ಕೋಶಗಳನ್ನು ಬೆಳೆಸುತ್ತೇವೆ. ಮುಂದೊಂದು ದಿನ ಅಂಥವರ ತಲೆಗೆ ಹಾಕುವ ಆಸೆ.

"ನಂಗ್ಯಾವಾಗ ಹಾಕ್ತೀಯಲಾ?" ಎಂದಳು ಅಕ್ಕ, ನಾನು ಊರಿಗೆ ಹೋಗಿದ್ದಾಗ, ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು.

"ಅವು ಒಡೆದು ಎರಡಾಗೋದು ಪೂರ್ತಿ ನಿಲ್ಬೇಕಕ್ಕ. ನಿಲ್ದೆ ಸುಮ್ನೆ ಮಲಗಿದ್ರೆ, ಆಮೇಲೆ ತಲೆಯೊಳಗೆ ಎದ್ದು ಗಂಟಾಗ್ತವೆ."

"ಕೊನ್ನಾರಿ ಹುಲ್ಲಿದ್ದಂಗೆ ಅನ್ನು. ಸತ್ತೋಯ್ತು ಅನ್ಕಂಡ್ರೆ ಮಳೆಗೆ ಎದ್ಬುಡ್ತದೆ."

ನನ್ನ ಭಯವೂ ಅದೇ. ಬಣ್ಣ ಹಾಕಿದರೆ ಒಡೆಯುತ್ತಿರುವ ಕೋಶ ಹಸಿರಾಗಿ ಹೊಳೆಯುತ್ತದೆ. ಒಡೆಯುವುದನ್ನು ಪೂರ್ತಿ ನಿಲ್ಲಿಸಿದ್ದೂ ಸುಮ್ಮನೆ ಮಲಗಿದ್ದೂ ಒಂದೇ ಥರ ಕಪ್ಪು. ಅದಕ್ಕೇ ಬೆಳೆಯಲು ಬೇಕಾದ ಆಹಾರ ಕೊಟ್ಟು, ಏಳುತ್ತವೋ ಎಂದು ವಾರಗಟ್ಟಲೆ ಕಾಯುತ್ತೇನೆ. ಗ್ಯಾಸ್ ಆರಿಸಿದ್ದೇನೋ ಇಲ್ಲವೋ ಎಂದು ಗೇಟಿನಿಂದ ವಾಪಸು ಬರುವ ನನಗೆ ಹೇಳಿ ಮಾಡಿಸಿದ ಕೆಲಸ.

ಊರಿಂದ ಬಂದ ಮಾರನೆಯ ದಿನ ಕೋಶಗಳಿದ್ದ ತಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಎಲ್ಲ ಕಪ್ಪು. ಅಕ್ಕನಿಗೆ ಹೇಳೋಣವೆಂದು ಫೋನ್ ತೆಗೆದವನು, ಹಾಳು ಅಭ್ಯಾಸ, ಮತ್ತೊಮ್ಮೆ ಬಗ್ಗಿದೆ. ಅಂಚಿನಲ್ಲಿ ಒಂದು ಹಸಿರು ಚುಕ್ಕೆ. ಫೋನನ್ನು ಜೇಬಿಗೆ ಹಾಕಿದೆ.

ಸಂಜೆ ಅವಳೇ ಫೋನ್ ಮಾಡಿದಳು.

"ಒಂದು ಎದ್ಬುಟ್ಟೈತಕ್ಕ. ಇನ್ನೂ ಕಾಯ್ಬೇಕು."

"ನಾನ್ ಕಾಯ್ತೀನಿ ಕಣ್ಲಾ. ಈ ಕೈಗೆ ಯಾರ್ ಹೇಳ್ತಾರೆ?"

ಅವಳ ಬಳೆಗಳ ಸದ್ದು ಫೋನಿನಲ್ಲಿ ಬಿಡದೆ ಕೇಳುತ್ತಿತ್ತು.