ಮಾಯಸಂದ್ರದಲ್ಲಿ ಬಿದ್ದ ಏಟು

ನಮ್ಮ ಮೇಸ್ತ್ರಿಯ ಬಲಗಿವಿ ಎಡಗಿವಿಗಿಂತ ಕಪ್ಪಗಿತ್ತು. ಮೊಳದುದ್ದದ ರಬ್ಬರ್ ಪೈಪಿನ ಒಂದು ತುದಿಯನ್ನು ಆ ಕಿವಿಗೂ ಇನ್ನೊಂದು ತುದಿಯನ್ನು ಕಾರ್ಬುರೇಟರಿನ ಬಾಯಿಗೂ ಹಿಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು. ನನ್ನ ಕಾರಿಗೆ ಎರಡು ಕಾರ್ಬುರೇಟರ್. ಎರಡೂ ಒಂದೇ ಸಮನೆ ಗಾಳಿ ಎಳೆಯಬೇಕು. "ಇದು ಜಾಸ್ತಿ ಎಳೀತಾ ಅದೆ, ಅದು ಸೋಮಾರಿ" ಎನ್ನುತ್ತ ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುವರು. ಕಿವಿಯ ಮಸಿ ಯಾವ ಸೋಪಿಗೂ ಹೋಗುತ್ತಿರಲಿಲ್ಲ.

ತಿಪಟೂರಿನಲ್ಲಿ ಅವರು ಕೊಬ್ಬರಿ ಲಾರಿಗಳ ರಿಪೇರಿಗೆ ಹೆಸರಾದವರು. ನನ್ನದು ಸಕಲೇಶಪುರದ ಕಡೆಯ ಕಾಫಿ ತೋಟದ ದೊರೆಯೊಬ್ಬನಿಂದ ನಮ್ಮ ತಂದೆ ಕೊಂಡಿದ್ದ ಇಂಗ್ಲೆಂಡಿನ ಕಾರು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು. ಮಳೆ ಬಂದರೆ ಒಳಗೆ ಪಾದ ಮುಳುಗುವಷ್ಟು ನೀರು. ಬೆಂಗಳೂರಿನ ಗ್ಯಾರೇಜಿನವರು ಎರಡು ಸಲ ಟಾಪು ಬದಲಾಯಿಸಿದರು, ನೀರು ನಿಲ್ಲಲಿಲ್ಲ. ಮೇಸ್ತ್ರಿ ಕಾರ್ಪೆಟ್ ಎತ್ತಿ, ತುಕ್ಕು ಹಿಡಿದ ತಳವನ್ನು ತಡವಿ, ತೆಂಗಿನ ಗರಿಯ ಕಡ್ಡಿಯೊಂದನ್ನು ಮೂಲೆಯ ತೂತಿಗೆ ತೂರಿಸಿದರು. ವರ್ಷಗಳ ಕೆಸರು ಹೊರಬಿತ್ತು.

"ಬಟ್ಟೆ ಟಾಪು ಅಂದ್ಮೇಲೆ ನೀರು ಬತ್ತದೆ ಕಣ್ರೀ ಸ್ವಾಮಿ. ಬಂದಿದ್ದು ಹೋಗಕ್ಕೆ ದಾರಿ ಇರ್ಲಿಲ್ಲ, ಅಷ್ಟೇಯ."

ವೈರುಗಳನ್ನು ಇಲಿ ಕಡಿದಾಗ ಮಾತ್ರ ನನ್ನನ್ನೇ ಬೈದರು. "ಕೊಬ್ಬರಿ ಅಟ್ಟದ ಕೆಳಗೆ ಕಾರು ನಿಲ್ಸಿ ಇಲೀನ ಬೈದ್ರೆ ಏನ್ ಬಂತು? ಮೊದ್ಲು ಆಚೆ ತೆಗೀರಿ."

ಇಂಥವರಿಗೆ ನಮ್ಮವರು ಮಾಡಿದ್ದನ್ನು ನೆನೆದರೆ ಇವತ್ತಿಗೂ ನನ್ನ ಮೈ ಉರಿಯುತ್ತದೆ.

ನನ್ನ ಅಕ್ಕನ ಗಂಡ ದೊಡ್ಡ ಕೊಬ್ಬರಿ ವರ್ತಕರು. ಮಗನ ಮದುವೆ ಮಾಯಸಂದ್ರದಲ್ಲಿ. ಬಸ್ ಸ್ಟ್ಯಾಂಡಿನಿಂದ ಛತ್ರದವರೆಗೆ ವರ ನನ್ನ ಕಾರಿನಲ್ಲೇ ಬರಬೇಕೆಂದು ಹಟ ಹಿಡಿದರು. ಕಾರು ಓಡಿಸಬೇಕಾಗಿದ್ದ ಮೇಸ್ತ್ರಿ ಮೊದಲೇ ಎಚ್ಚರಿಸಿದರು.

"ಇದು ಓಡೋ ಕಾರು ಯಜಮಾನ್ರೇ. ನಡಿಗೆ ಸ್ಪೀಡಲ್ಲಿ ಹೋದ್ರೆ ರೇಡಿಯೇಟರಿಗೆ ಗಾಳಿ ಸಿಕ್ಕಲ್ಲ, ನೀರು ಕುದೀತದೆ. ಇಂಜಿನ್ ಆಫ್ ಮಾಡಿ ತಳ್ಕೊಂಡು ಹೋಗನ. ನೋಡೋರಿಗೂ ಚೆಂದ."

"ನನ್ನ ಮಗ ತಳ್ಳೋ ಕಾರಲ್ಲಿ ಬರ್ಬೇಕಾ? ಸುಮ್ನೆ ಓಡ್ಸಯ್ಯ" ಎಂದರು ಭಾವ.

ಸಂಜೆ ನಾಲ್ಕರ ಬಿಸಿಲು. ಮುಂದೆ ವಾಲಗ, ಮಡಚಿದ ಟಾಪಿನ ಮೇಲೆ ನಾಲ್ಕು ಜನ ನೆಂಟರು. ಅರ್ಧ ದಾರಿಯಲ್ಲಿ ಬಾನೆಟ್ಟಿನಿಂದ ಹೊಗೆಯಂತೆ ಆವಿ ಎದ್ದಿತು. ಮೇಸ್ತ್ರಿ ಇಂಜಿನ್ ನಿಲ್ಲಿಸಿ ಇಳಿದರು. ನಾನು ಬಾನೆಟ್ ಎತ್ತಿ ಹಿಡಿದೆ. "ಅರ್ಧ ಗಂಟೆ ಯಾರೂ ಮುಟ್ಬೇಡಿ" ಎಂದು ಅವರು ಹೇಳುತ್ತಿರುವಾಗಲೇ ಭಾವ ರೇಷ್ಮೆ ಶಲ್ಯವನ್ನು ಕೈಗೆ ಸುತ್ತಿಕೊಂಡು ಬಗ್ಗಿ ರೇಡಿಯೇಟರಿನ ಮುಚ್ಚಳ ತಿರುಗಿಸಿಬಿಟ್ಟರು. ಮೇಸ್ತ್ರಿ ಎಡಗೈಯನ್ನು ಅವರ ಎದೆಗೆ ಕೊಟ್ಟು ಹಿಂದಕ್ಕೆ ತಳ್ಳಿದರು. ಚಿಮ್ಮಿದ ಕುದಿನೀರು ಆ ಕೈಯ ಮೇಲೆ ಮೊಣಕೈವರೆಗೂ ಬಿತ್ತು.

ಭಾವ ಮಣ್ಣಿನಲ್ಲಿ ಕುಕ್ಕರಿಸಿದ್ದರು. ಯಾರೋ ನಕ್ಕರು. ಭಾವ ಎದ್ದವರೇ ಮೇಸ್ತ್ರಿಯ ಕೆನ್ನೆಗೆ ಬಾರಿಸಿದರು.

"ನನ್ನ ಮೈ ಮೇಲೆ ಕೈ ಹಾಕೋ ಅಷ್ಟಾಯ್ತೇನೋ ನಿಂಗೆ?"

ವಾಲಗ ನಿಂತಿತ್ತು. ಎಲ್ಲರೂ ನನ್ನತ್ತ ನೋಡಿದರು. ನಾನು, ಕಾಲೇಜಿನಲ್ಲಿ ಪಾಠ ಹೇಳುವವನು, ಆಡಿದ ಮಾತು ಇದು: "ಹೋಗ್ಲಿ ಬುಡಿ ಭಾವ. ಮೇಸ್ತ್ರಿ, ನೀವೂ ಹಂಗೆ ತಳ್ಳಬಾರ್ದಾಗಿತ್ತು."

ಮೇಸ್ತ್ರಿ ಬಾವಿಕಟ್ಟೆಗೆ ಹೋಗಿ ಕೈಗೆ ನೀರು ಹುಯ್ದುಕೊಂಡರು. ಇಂಜಿನ್ ಆರಿದ ಮೇಲೆ ರೇಡಿಯೇಟರ್ ತುಂಬಿಸಿ, ಊಟ ಮಾಡದೆ, ಬೊಬ್ಬೆ ಎದ್ದ ಕೈಯಲ್ಲೇ ಕಾರನ್ನು ತಿಪಟೂರಿಗೆ ತಂದು ನಿಲ್ಲಿಸಿದರು. ಕೀ ಕೊಡುವಾಗ ಮಾತ್ರ ಹೇಳಿದರು:

"ಕಾರು ನಿಮ್ದು, ಕೊಟ್ರಿ. ಕೆನ್ನೆ ನಂದು ಸ್ವಾಮಿ. ನೀವಾದ್ರೂ ನಿಜ ಏನು ಅಂತ ಹೇಳ್ಬೋದಿತ್ತು."

ಮೂರನೆಯ ದಿನ ನಾನು ಭಾವನ ಕೊಬ್ಬರಿ ಮಂಡಿಗೆ ಹೋಗಿ, "ಬಂದು ಮೇಸ್ತ್ರಿಯ ಕ್ಷಮೆ ಕೇಳಿ" ಎಂದೆ. ಅವರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. "ಮೆಕ್ಯಾನಿಕ್ಕಿಗೆ ಒಂದೇಟು ಬಿದ್ದಿದ್ದಕ್ಕೆ ಇಷ್ಟೊಂದು ಯಾಕಪ್ಪ?" ಎಂದರು. ನಾನು ಹೊರಗೆ ಬಂದೆ. ಮೇಸ್ತ್ರಿ ಅದನ್ನು ಕೇಳಿ "ಆಯ್ತು ಬುಡಿ" ಎಂದರಷ್ಟೆ. ನನ್ನ ಕಾರನ್ನು ಕೈಬಿಡಲಿಲ್ಲ. ಆದರೆ ನಮ್ಮ ಮನೆಯಲ್ಲಿ ಕಾಫಿ ಕುಡಿಯುವುದನ್ನು ನಿಲ್ಲಿಸಿದರು. ನಾಲ್ಕು ವರ್ಷದ ಮೇಲೆ ಕಾಮಾಲೆಯಾಗಿ ತೀರಿಕೊಂಡರು.

ಆಮೇಲೆ ಭಾವನ ಎರಡನೇ ಮೊಮ್ಮಗನ ನಾಮಕರಣ. ಪಂಕ್ತಿಯಲ್ಲಿ ಭಾವ ನೆಂಟರಿಗೆ ತಮಾಷೆಯ ಕಥೆ ಹೇಳುತ್ತಿದ್ದರು: "ಯಾವನೋ ಮೆಕ್ಯಾನಿಕ್ಕು, ಕಾರು ಕೆಡ್ಸಿ ನನ್ನನ್ನೇ ತಳ್ಳಿದ. ಕೊಟ್ಟೆ ನೋಡಿ ಒಂದು." ಸಾಲಿಗೆ ಸಾಲೇ ನಕ್ಕಿತು.

ನಾನು ಎಲೆಯ ಮುಂದಿನಿಂದ ಎದ್ದು ನಿಂತೆ. "ಆ ಕೈ ಅಡ್ಡ ಬರ್ದಿದ್ರೆ ನಿಮ್ಮ ಮುಖ ಸುಟ್ಟು ಹೋಗ್ತಿತ್ತು ಭಾವ. ಉಳಿಸಿದೋರಿಗೇ ಹೊಡೆದ್ರಿ. ಅದನ್ನ ನೋಡ್ಕೊಂಡು ನಾನೂ ಅವರದೇ ತಪ್ಪು ಅಂದೆ."

ಬಡಿಸುವವರ ಕೈ ನಿಂತಿತು. ಅಕ್ಕ ತಲೆ ತಗ್ಗಿಸಿದಳು.

"ಕೂತ್ಕೊಳಪ್ಪ, ಊಟದ ಹೊತ್ತಲ್ಲಿ ಯಾಕೆ ಅದೆಲ್ಲ" ಎಂದರು ಭಾವ.

ನಾನು ಕೂರಲಿಲ್ಲ. ಆದರೆ ಆ ಮಾತನ್ನು ಕೇಳಬೇಕಾಗಿದ್ದವರು ಹೋಗಿ ಆಗಲೇ ಎರಡು ವರ್ಷವಾಗಿತ್ತು.